ಗಾಡಿ ಹೀಟ್ ಆಗುತ್ತಿದೆಯೇ? ಥರ್ಮೋಸ್ಟಾಟ್ ವಾಲ್ವ್ ತಪಾಸಣೆ ಮತ್ತು ಸರಿಯಾದ ವಾಲ್ವ್ ಆರಿಸುವ ಬಗೆ

ಗಾಡಿ ಹೀಟ್ ಆಗುತ್ತಿದೆ ಎಂದು ಗ್ಯಾರೇಜಿಗೆ ಒಯ್ದರೆ ಇವತ್ತಿಗೂ ಎಷ್ಟೋ ಕಡೆ ಸಿಗುವ ಮೊದಲ ಸಲಹೆ, “ವಾಲ್ವ್ ಕಿತ್ತು ಹಾಕೋಣ ಸಾರ್, ನಮ್ಮೂರಿನ ಬಿಸಿಲಿಗೆ ಅದು ಬೇಕಿಲ್ಲ.” ಇನ್ನು ಕೆಲವರು 88 ಡಿಗ್ರಿಗೆ ತೆರೆಯುವ ವಾಲ್ವ್ ತೆಗೆಸಿ 76ರದ್ದು ಹಾಕಿಸಿಕೊಂಡು ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಎರಡರಿಂದಲೂ ಎಂಜಿನ್ನಿಗೆ ನಷ್ಟವೇ. ಎಂಜಿನ್ ಎಷ್ಟಕ್ಕಿಂತ ತಣ್ಣಗಿರಬಾರದು ಎಂಬ ಕೆಳಮಿತಿಯನ್ನು ಮಾತ್ರ ಥರ್ಮೋಸ್ಟಾಟ್ ಕಾಯುತ್ತದೆ. ಎಷ್ಟಕ್ಕಿಂತ ಬಿಸಿಯಾಗಬಾರದು ಎಂಬುದನ್ನು ನೋಡಿಕೊಳ್ಳುವುದು ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಮತ್ತು ರೇಡಿಯೇಟರ್ ಮುಚ್ಚಳ. ಕಟ್ಟಿಕೊಂಡ ರೇಡಿಯೇಟರ್ ಇರುವ ಕಾರಿಗೆ 76ರ ವಾಲ್ವ್ ಹಾಕಿದರೆ ಅದು ಬೇಗ ಪೂರ್ತಿ ತೆರೆದುಕೊಳ್ಳುತ್ತದೆ, ಅಷ್ಟೇ. ಆಮೇಲೆ ಬಿಸಿ ಏರುವುದು ಮೊದಲಿನ ಹಾಗೆಯೇ ಏರುತ್ತದೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ತಪಾಸಣೆ ಅರ್ಧ ಸುಲಭ.

ವಾಲ್ವ್ ಒಳಗೆ ನಡೆಯುವುದೇನು

ವಾಲ್ವಿನ ನಡುವೆ ಇರುವ ಪುಟ್ಟ ಲೋಹದ ಗುಂಡಿಯೊಳಗೆ ಮೇಣ ತುಂಬಿರುತ್ತದೆ. ಸುತ್ತಲಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ನಿಗದಿತ ಬಿಸಿಗೆ ಬಂದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ಒತ್ತುತ್ತದೆ, ಸ್ಪ್ರಿಂಗಿನ ಬಲವನ್ನು ಮೀರಿ ತಟ್ಟೆ ತೆರೆದುಕೊಳ್ಳುತ್ತದೆ. ತಣ್ಣಗಾದಾಗ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ವಾಲ್ವಿನ ಮೇಲೆ 82 ಎಂದು ಅಚ್ಚೊತ್ತಿದ್ದರೆ ಅದು ತೆರೆಯಲು ಶುರುವಾಗುವ ಡಿಗ್ರಿ ಸೆಲ್ಸಿಯಸ್. ಪೂರ್ತಿ ತೆರೆಯಲು ಇನ್ನೂ 12–13 ಡಿಗ್ರಿ ಬೇಕು. 82ರ ವಾಲ್ವ್ ಸುಮಾರು 95ಕ್ಕೆ, 88ರದ್ದು ಸುಮಾರು 100ಕ್ಕೆ ಪೂರ್ತಿ ತೆರೆಯುತ್ತದೆ. ಸಣ್ಣ ಕಾರುಗಳ ವಾಲ್ವಿನಲ್ಲಿ ಆಗ ತಟ್ಟೆ ಸುಮಾರು 8 ಮಿ.ಮೀ. ಎದ್ದಿರಬೇಕು.

ಮೇಣ ಸೋರಿಹೋದರೆ ಕಡ್ಡಿಯನ್ನು ಒತ್ತುವ ಬಲವೇ ಇರುವುದಿಲ್ಲ. ಸ್ಪ್ರಿಂಗ್ ತಟ್ಟೆಯನ್ನು ಬಿಗಿಯಾಗಿ ಮುಚ್ಚಿಟ್ಟುಬಿಡುತ್ತದೆ, ಎಂಜಿನ್ ನಿಮಿಷಗಳಲ್ಲಿ ಕಾಯುತ್ತದೆ. ಸ್ಪ್ರಿಂಗ್ ಸೋತರೆ, ಇಲ್ಲವೇ ತುಕ್ಕಿನ ಚೂರೋ ಹಳೆ ಗ್ಯಾಸ್ಕೆಟಿನ ತುಣುಕೋ ತಟ್ಟೆಯ ಅಂಚಿನಲ್ಲಿ ಸಿಕ್ಕಿಕೊಂಡರೆ ವಾಲ್ವ್ ತೆರೆದೇ ಉಳಿಯುತ್ತದೆ. ಮೂರನೆಯ ಬಗೆ ಕಿಟ್ಟದ್ದು. ಬೋರ್‌ವೆಲ್ ನೀರು ಹಾಕಿ ಹಾಕಿ ಗುಂಡಿಯ ಮೇಲೆ ಬಿಳಿ ಪದರ ಕಟ್ಟಿದರೆ ಬಿಸಿ ಮೇಣಕ್ಕೆ ತಡವಾಗಿ ತಲುಪುತ್ತದೆ, ವಾಲ್ವ್ ತಡವಾಗಿ ತೆರೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರು ಕುಡಿದ ಗಾಡಿಗಳಲ್ಲಿ ವಾಲ್ವ್ ಕೂರುವ ಹೌಸಿಂಗ್ ಬಿಚ್ಚಿದರೆ ಈ ಪದರ ಕಣ್ಣಿಗೇ ಕಾಣುತ್ತದೆ.

ಬಿಚ್ಚುವ ಮೊದಲು: ಯಾವಾಗ ಹೀಟ್ ಆಗುತ್ತದೆ?

ಹೀಟ್ ಆಗುವ ಸಂದರ್ಭ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಹತ್ತು ನಿಮಿಷದೊಳಗೆ, ಗಾಡಿ ಓಡಲಿ ನಿಲ್ಲಲಿ, ಮುಳ್ಳು ಕೆಂಪಿನತ್ತ ಹೋದರೆ ವಾಲ್ವ್ ಮುಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಏರಿ, ರಸ್ತೆ ಬಿಡುವಾದ ಕೂಡಲೇ ಇಳಿದರೆ ವಾಲ್ವಿನ ತಪ್ಪಿಲ್ಲ. ಫ್ಯಾನ್, ಅದರ ರಿಲೇ, ಫ್ಯೂಸ್, ಸೆನ್ಸರ್ ನೋಡಿ. ಊರೊಳಗೆ ಚೆನ್ನಾಗಿದ್ದು, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗಲೋ ಹೆದ್ದಾರಿಯಲ್ಲಿ 100ರ ವೇಗದಲ್ಲಿ ಓಡುವಾಗಲೋ ಮಾತ್ರ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿದೆ, ಹೊರಗಿನ ರೆಕ್ಕೆಗಳಿಗೆ ಮಣ್ಣು ಮೆತ್ತಿದೆ, ಇಲ್ಲವೇ ವಾಟರ್ ಪಂಪಿನ ಇಂಪೆಲ್ಲರ್ (ಕೂಲಂಟ್ ತಳ್ಳುವ ಚಕ್ರ) ಸವೆದಿದೆ. ಪೂರ್ತಿ ತೆರೆಯದೆ ಅರ್ಧಕ್ಕೇ ನಿಲ್ಲುವ ವಾಲ್ವ್ ಕೂಡ ಇದೇ ಲಕ್ಷಣ ತೋರಿಸಬಹುದು. ಹಾಗಾಗಿ ಘಾಟಿ ರಸ್ತೆಯ ದೂರು ಬಂದಾಗ ವಾಲ್ವನ್ನು ಬಿಸಿನೀರಿನಲ್ಲಿ ಪರೀಕ್ಷಿಸದೆ ಬಿಡಬಾರದು.

ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಪೈಪ್ ಗಟ್ಟಿಯಾಗಿ ಉಬ್ಬಿ, ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೋಗಿರುವುದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್. ಅಂಥ ಗಾಡಿಗೆ ವಾಲ್ವ್ ಬದಲಿಸಿ ಓಡಿಸುತ್ತಾ ಹೋದರೆ ಹೆಡ್ ಬಾಗುವ ತನಕ ಖರ್ಚು ಬೆಳೆಯುತ್ತದೆ.

ತೆರೆದೇ ಉಳಿದ ವಾಲ್ವಿನ ಲಕ್ಷಣಗಳನ್ನು ಬಹಳ ಮಂದಿ ದೋಷವೆಂದೇ ಎಣಿಸುವುದಿಲ್ಲ, ಏಕೆಂದರೆ ಗಾಡಿ ತಣ್ಣಗಿರುತ್ತದೆ. ಊರೊಳಗೆ ಮುಳ್ಳು ಮಧ್ಯಕ್ಕೆ ಬಂದು ಹೆದ್ದಾರಿಯಲ್ಲಿ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಉಗುರುಬೆಚ್ಚಗೆ ಮಾತ್ರ ಊದುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು), ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಹೆಚ್ಚು ಬಿಡುತ್ತದೆ, ಮೈಲೇಜ್ ಇಳಿಯುತ್ತದೆ. ಆಯಿಲ್ ಮುಚ್ಚಳದ ಒಳಗೆ ತೇವದಿಂದ ಬೆಣ್ಣೆಯಂಥ ಕೆನೆಬಣ್ಣದ ಪದರ ಕಟ್ಟುತ್ತದೆ. ಈ ಪದರ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಎಂಜಿನ್ ಇಳಿಸಲು ಒಪ್ಪಬೇಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಶುದ್ಧವಾಗಿದ್ದು, ಕೂಲಂಟ್ ಮಟ್ಟ ಇಳಿಯದೆ ಇದ್ದರೆ ಮೊದಲು ವಾಲ್ವ್ ನೋಡಿ. ಸಿಎನ್‌ಜಿ, ಎಲ್‌ಪಿಜಿ ಕಾರುಗಳಲ್ಲಿ ಇನ್ನೊಂದು ಸುಳಿವಿದೆ. ಗ್ಯಾಸಿನ ಒತ್ತಡ ಇಳಿಸುವ ರಿಡ್ಯೂಸರಿಗೆ ಬಿಸಿ ಬರುವುದು ಕೂಲಂಟಿನಿಂದಲೇ. ವಾಲ್ವ್ ತೆರೆದಿದ್ದರೆ ಪೆಟ್ರೋಲಿನಿಂದ ಗ್ಯಾಸಿಗೆ ಬದಲಾಗುವುದು ತಡವಾಗುತ್ತದೆ, ಕೆಲವೊಮ್ಮೆ ರಿಡ್ಯೂಸರ್ ಮೇಲೆ ಹನಿ ಕಟ್ಟಿರುತ್ತದೆ.

ಸ್ಕ್ಯಾನರಿನಲ್ಲಿ ನೋಡುವುದು ಹೇಗೆ

ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಈಗಿನ ಬಹುತೇಕ ಕಾರುಗಳಲ್ಲಿ ಚಾಲಕ ಗಾಬರಿಯಾಗದಿರಲೆಂದು ನಡುವಿನ ದೊಡ್ಡ ಅಂತರದಲ್ಲಿ ಮುಳ್ಳು ಅಲುಗಾಡದಂತೆ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. 2013ರ ನಂತರದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಓಬಿಡಿ ಸಾಕೆಟ್ ಇರುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಾಕಿ, ಮೊಬೈಲಿನಲ್ಲಿ ಕೂಲಂಟ್ ಟೆಂಪರೇಚರ್ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಶುರು ಮಾಡಿ. ಸ್ಟಾರ್ಟ್ ಮಾಡುವ ಮೊದಲು ಕೂಲಂಟ್ ಅಂಕಿ ಮತ್ತು ಒಳಬರುವ ಗಾಳಿಯ ಅಂಕಿ ಹೆಚ್ಚುಕಮ್ಮಿ ಒಂದೇ ಇರಬೇಕು. 24 ಡಿಗ್ರಿಯ ಬೆಳಗಿನಲ್ಲಿ ಕೂಲಂಟ್ 45 ಎಂದು ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ, ವಾಲ್ವ್ ಹುಡುಕುವ ಅಗತ್ಯವಿಲ್ಲ. ಅಂಕಿ ಸರಿಯಿದ್ದರೆ ಎಸಿ ಆಫ್ ಮಾಡಿ ಓಡಿಸಿ. ಒಳ್ಳೆಯ ವಾಲ್ವಿನಲ್ಲಿ ಅಂಕಿ ಒಂದೇ ಸಮ ಏರಿ, ಅಚ್ಚೊತ್ತಿದ ಡಿಗ್ರಿಯ ಹತ್ತಿರ ಬಂದಾಗ ರೇಡಿಯೇಟರಿನ ತಣ್ಣನೆಯ ಕೂಲಂಟ್ ಒಳನುಗ್ಗಿ ಎರಡರಿಂದ ಐದು ಡಿಗ್ರಿ ಇಳಿಯುತ್ತದೆ. ಮತ್ತೆ ಏರಿ ಅಲ್ಲಿಯೇ ನೆಲೆ ನಿಲ್ಲುತ್ತದೆ. ಆ ಸಣ್ಣ ಇಳಿತ ಕಂಡರೆ ವಾಲ್ವ್ ಮುಚ್ಚಿತ್ತು, ಈಗ ತೆರೆಯಿತು ಎಂದರ್ಥ. ಇಳಿತವೇ ಇಲ್ಲದೆ ಎಳೆದಾಡುತ್ತಾ ಏರಿ, 80ರ ವೇಗದಲ್ಲಿ 65–70ಕ್ಕೆ ನಿಂತರೆ ವಾಲ್ವ್ ತೆರೆದೇ ಇದೆ. 80ರಿಂದ 100, ಮತ್ತೆ 80, ಮತ್ತೆ 100 ಎಂದು ಗರಗಸದ ಹಲ್ಲಿನಂತೆ ಹೋದರೆ ವಾಲ್ವ್ ಹಿಡಿದು ಹಿಡಿದು ಬಿಡುತ್ತಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿದೆ. ಗಾಳಿ ತೆಗೆದು ಮತ್ತೊಮ್ಮೆ ನೋಡಿ.

ಎಂಜಿನ್ ಲೈಟ್ ಬಂದು ಪಿ0128 ಕೋಡ್ ಸಿಕ್ಕರೆ ಎಂಜಿನ್ ನಿರೀಕ್ಷಿಸಿದ ಹೊತ್ತಿಗೆ ಬಿಸಿಯಾಗಲಿಲ್ಲ ಎಂದರ್ಥ. ಬಹುಪಾಲು ವಾಲ್ವೇ ಕಾರಣ. ಕೂಲಂಟ್ ಕಡಿಮೆಯಿದ್ದರೆ, ಸೆನ್ಸರ್ ಕೆಟ್ಟಿದ್ದರೆ, ರಿಲೇ ಅಂಟಿಕೊಂಡು ಫ್ಯಾನ್ ಸದಾ ತಿರುಗುತ್ತಿದ್ದರೂ ಇದೇ ಕೋಡ್ ಬರಬಹುದು. ಪಿ0597, ಪಿ0598, ಪಿ0599 ಬಂದರೆ ಅದು ಬೇರೆ ಬಗೆಯ ವಾಲ್ವ್. ಮೇಣದೊಳಗೆ ವಿದ್ಯುತ್ ಹೀಟರ್ ಇದ್ದು ಇಸಿಯು ಬೇಕಾದಾಗ ಬೇಗ ತೆರೆಸುತ್ತದೆ. ಅಲ್ಲಿ ಮೊದಲು ಕನೆಕ್ಟರ್ ಮತ್ತು ವೈರ್ ಪರೀಕ್ಷಿಸಿ.

ಸ್ಕ್ಯಾನರ್ ಇಲ್ಲದಿದ್ದರೆ ಹೋಸ್ ಪೈಪ್ ಮುಟ್ಟಿ ನೋಡುವ ಹಳೆಯ ಕ್ರಮವಿದೆ. ಎಂಜಿನ್ ಚೆನ್ನಾಗಿ ಕಾದಿದ್ದು ಕೆಳಗಿನ ಪೈಪ್ ತಣ್ಣಗೇ ಇದ್ದರೆ ಕೂಲಂಟ್ ಸುತ್ತು ಹೊಡೆಯುತ್ತಿಲ್ಲ. ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪ್, ರೇಡಿಯೇಟರ್ ಎಲ್ಲ ಒಟ್ಟಿಗೆ ಬೆಚ್ಚಗಾದರೆ ವಾಲ್ವ್ ತೆರೆದಿದೆ. ಆದರೆ ನಿಮ್ಮ ಎಂಜಿನ್ನಿನಲ್ಲಿ ವಾಲ್ವ್ ಎಲ್ಲಿದೆ ಎಂದು ತಿಳಿದೇ ತೀರ್ಮಾನಿಸಿ. ಹಳೆಯ ಎಂಜಿನ್ನುಗಳಲ್ಲಿ ಮೇಲಿನ ಪೈಪಿನ ಬುಡದಲ್ಲಿರುತ್ತದೆ, ಹಲವು ಹೊಸ ಎಂಜಿನ್ನುಗಳಲ್ಲಿ ಪಂಪಿನ ಬಳಿ, ಕೆಳಗಿನ ಪೈಪಿನ ಬುಡದಲ್ಲಿ. ಎರಡನೆಯ ಬಗೆಯಲ್ಲಿ ವಾಲ್ವ್ ಮುಚ್ಚಿದ್ದರೂ ಮೇಲಿನ ಪೈಪ್ ಬೆಚ್ಚಗಾಗುತ್ತದೆ. ಅಲ್ಲಿ ಕೆಳಗಿನ ಪೈಪೇ ಸಾಕ್ಷಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿಯಬೇಡಿ, ಅಂಕಿ ಕಡಿಮೆ ತೋರಿಸುತ್ತದೆ. ಕಪ್ಪು ರಬ್ಬರಿನ ಮೇಲೆ ಹಿಡಿಯಿರಿ. ಕೈ ಹಾಕುವಾಗ ಫ್ಯಾನ್ ಬಗ್ಗೆ ಎಚ್ಚರವಿರಲಿ. ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಆದ ಮೇಲೂ ಅದು ತಾನಾಗಿ ತಿರುಗುತ್ತದೆ.

ಕಿತ್ತು ಹಾಕಿದರೆ ಏನಾಗುತ್ತದೆ

ಹಳೆಯ ವಾಲ್ವ್ ಕೈಯಲ್ಲಿ ಹಿಡಿದು ಸ್ಪ್ರಿಂಗಿನ ಕೆಳತುದಿ ನೋಡಿ. ಬಹಳಷ್ಟು ವಾಲ್ವುಗಳಲ್ಲಿ ಅಲ್ಲಿ ಇನ್ನೊಂದು ಸಣ್ಣ ತಟ್ಟೆಯಿದೆ. ಮೇಲಿನ ದೊಡ್ಡ ತಟ್ಟೆ ರೇಡಿಯೇಟರಿನ ದಾರಿ ತೆರೆಯುತ್ತಿದ್ದಂತೆ, ಕೆಳಗಿನ ಸಣ್ಣ ತಟ್ಟೆ ಮುಂದೆ ಸರಿದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಬೈಪಾಸ್ ಎಂದರೆ ಎಂಜಿನ್ನಿನಿಂದ ಬಂದ ಬಿಸಿ ಕೂಲಂಟ್ ರೇಡಿಯೇಟರಿಗೆ ಹೋಗದೆ ನೇರ ಪಂಪಿಗೆ ಮರಳುವ ದಾರಿ. ವಾಲ್ವನ್ನೇ ಕಿತ್ತು ಹಾಕಿದರೆ ಈ ದಾರಿ ಸದಾ ತೆರೆದಿರುತ್ತದೆ. ಬಿಸಿ ಕೂಲಂಟಿನ ಒಂದು ದೊಡ್ಡ ಪಾಲು ತಣ್ಣಗಾಗದೇ ಎಂಜಿನ್ನಿಗೆ ಮರಳುತ್ತಲೇ ಇರುತ್ತದೆ. ಬೆಳಗ್ಗೆ ಎಂಜಿನ್ ಬಿಸಿಯಾಗಲು ಒದ್ದಾಡುವ ಅದೇ ಗಾಡಿ ಘಾಟಿಯಲ್ಲಿ ಕುದಿಯುವುದು ಇದಕ್ಕೇ. ವಾಲ್ವ್ ಕಿತ್ತ ಮೇಲೂ ಹೀಟ್ ನಿಲ್ಲಲಿಲ್ಲ ಎಂದು ಬರುವ ಗಾಡಿಗೆ ಮೊದಲು ಸರಿಯಾದ ವಾಲ್ವ್ ಹಾಕಿ, ಆಮೇಲೆ ಉಳಿದದ್ದನ್ನು ಹುಡುಕಿ.

ಬಿಸಿನೀರಿನ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ, ಕೈ ಸುಡುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ವಾಲ್ವ್ ಹೌಸಿಂಗಿಗಿಂತ ಕೆಳಗೆ ಬರುವಷ್ಟು ಕೂಲಂಟನ್ನು ಟಬ್ಬಿಗೆ ಇಳಿಸಿ. ಕೂಲಂಟಿನ ರುಚಿ ಸಿಹಿ, ಆದರೆ ವಿಷ. ಬೀದಿನಾಯಿ, ದನ ನೆಕ್ಕದಂತೆ ಕೂಡಲೇ ಮುಚ್ಚಿಡಿ. ಹೌಸಿಂಗಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ತುಕ್ಕು ಹಿಡಿದಿದ್ದರೆ ಬಲ ಹಾಕದೆ ಎಣ್ಣೆ ಬಿಟ್ಟು ಕಾಯಿರಿ, ಅಲ್ಯೂಮಿನಿಯಂ ಒಳಗೆ ಬೋಲ್ಟ್ ಮುರಿದರೆ ಕೆಲಸ ದಿನವಿಡೀ ಆಗುತ್ತದೆ.

ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ತುಂಬಿ. ವಾಲ್ವಿನ ತಟ್ಟೆ ಮತ್ತು ಅಂಚಿನ ನಡುವೆ ಒಂದು ದಾರ ಸಿಕ್ಕಿಸಿ, ತಳ ಮುಟ್ಟದಂತೆ ಆ ದಾರದಿಂದಲೇ ನೀರಿನಲ್ಲಿ ತೂಗುಬಿಡಿ. 110 ಡಿಗ್ರಿಯವರೆಗೆ ಅಳೆಯುವ ಥರ್ಮಾಮೀಟರ್ ಬೇಕು, ಜ್ವರ ನೋಡುವುದು ನಡೆಯದು. ಉರಿ ಸಣ್ಣಗಿಟ್ಟು ನೀರು ಕಲಕುತ್ತಿರಿ. ತಟ್ಟೆ ತೆರೆದ ಕ್ಷಣ ದಾರ ಬಿಟ್ಟು ವಾಲ್ವ್ ಕೆಳಗೆ ಬೀಳುತ್ತದೆ. ಆಗಿನ ಅಂಕಿ ಅಚ್ಚೊತ್ತಿದ ಅಂಕಿಗಿಂತ ಎರಡು ಡಿಗ್ರಿ ಆಚೀಚೆ ಇದ್ದರೆ ಸರಿ. ಈಗ ತಂತಿಯಿಂದ ಮತ್ತೆ ತೂಗುಬಿಟ್ಟು ಪೂರ್ತಿ ಬಿಸಿ ಮಾಡಿ, ತಟ್ಟೆ ಎಷ್ಟು ಎದ್ದಿದೆ ಅಳೆಯಿರಿ. ಉರಿ ಆರಿಸಿ ಕಾಯಿರಿ, ತೆರೆದ ಡಿಗ್ರಿಗಿಂತ ಐದಾರು ಡಿಗ್ರಿ ಇಳಿಯುವಷ್ಟರಲ್ಲಿ ಪೂರ್ತಿ ಮುಚ್ಚಬೇಕು. ಇಷ್ಟನ್ನೂ ಮೂರು ಸಲ ಮಾಡಿ. ಹಿಡಿದುಕೊಳ್ಳುವ ವಾಲ್ವ್ ಮೊದಲ ಸಲ ಪಾಸಾಗಿ ಎರಡನೆಯದರಲ್ಲೋ ಮೂರನೆಯದರಲ್ಲೋ ಸಿಕ್ಕಿಬೀಳುತ್ತದೆ.

ಇಲ್ಲಿ ನಿಮ್ಮ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ನೀರು 100ಕ್ಕೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ, ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. 82ರ ವಾಲ್ವಿಗೆ ಇದು ಸಾಕು. 88ರದ್ದು ಬೆಂಗಳೂರಿನ ತೆರೆದ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ 8 ಮಿ.ಮೀ. ಏಳುವುದಿಲ್ಲ. 5–6 ಮಿ.ಮೀ. ಎದ್ದರೆ ಅದು ಆರೋಗ್ಯವಾಗಿಯೇ ಇದೆ, ಕೆಟ್ಟಿದೆ ಎಂದು ಎಸೆಯಬೇಡಿ. ಗಾಡಿಯೊಳಗೆ ಈ ತೊಡಕಿಲ್ಲ. 0.9 ಕೆಜಿಯ (ಚದರ ಸೆಂ.ಮೀ.ಗೆ ಇಷ್ಟು ಒತ್ತಡದ) ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು 20 ಡಿಗ್ರಿಯಷ್ಟು ಮೇಲಕ್ಕೊಯ್ಯುತ್ತದೆ. ಅದೇ ಕಾರಣಕ್ಕೆ, ಮುಚ್ಚಳದ ರಬ್ಬರ್ ಬಿರಿದಿದ್ದರೆ ವಾಲ್ವ್ ಎಷ್ಟೇ ಚೆನ್ನಾಗಿದ್ದರೂ ಗಾಡಿ ಘಾಟಿಯಲ್ಲಿ ಕುದಿಯುತ್ತದೆ.

ಯಾವ ವಾಲ್ವ್ ತರಬೇಕು

ಇಸಿಯು ಇರುವ ಗಾಡಿಗೆ ಕಂಪನಿ ಕೊಟ್ಟ ಡಿಗ್ರಿಯೇ ಬೇಕು, ಇದರಲ್ಲಿ ರಾಜಿ ಬೇಡ. ಇಂಧನದ ಅಳತೆ, ಐಡಲ್, ಫ್ಯಾನ್ ಶುರುವಾಗುವ ಡಿಗ್ರಿ ಎಲ್ಲವನ್ನೂ ಆ ಅಂಕಿಯ ಸುತ್ತ ಹೊಂದಿಸಿರುತ್ತಾರೆ. ಫ್ಯಾನ್ 95ಕ್ಕೆ ಶುರುವಾಗುವ ಗಾಡಿಗೆ 92ರ ವಾಲ್ವ್ ಹಾಕಿದರೆ ವಾಲ್ವ್ ಪೂರ್ತಿ ತೆರೆಯುವ ಮೊದಲೇ ಫ್ಯಾನ್ ತಿರುಗಲು ತೊಡಗಿ ನಿಲ್ಲುವುದೇ ಅಪರೂಪವಾಗುತ್ತದೆ. ಕಡಿಮೆ ಡಿಗ್ರಿಯದು ಹಾಕಿದರೆ ಎಂಜಿನ್ ಪೂರ್ತಿ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಪೆಟ್ಟು ಇನ್ನೂ ದೊಡ್ಡದು. ಎಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಆ ಮಸಿಯನ್ನು ಸುಡುವ ಕೆಲಸ ಶುರುವೇ ಆಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಕಾರ್ಬೊರೇಟರ್ ಕಾಲದ ಗಾಡಿಗಳಲ್ಲಿ ಕೈಪಿಡಿಯೇ ಕೆಲವೊಮ್ಮೆ 82 ಮತ್ತು 88 ಎರಡನ್ನೂ ಕೊಟ್ಟಿರುತ್ತದೆ. 88 ಇರುವುದು ಚಳಿ ಪ್ರದೇಶಕ್ಕೆ. ನಮ್ಮ ಹವೆಗೆ 82 ಸರಿ. ಆಯ್ಕೆ ಎಂಬುದು ಇರುವುದು ಇಷ್ಟರಲ್ಲೇ.

ಅಂಗಡಿಗೆ ಹೋಗುವಾಗ ಹಳೆಯ ವಾಲ್ವ್ ಮತ್ತು ಆರ್‌ಸಿಯ ಚಾಸಿಸ್ ನಂಬರ್ ಎರಡೂ ಜೊತೆಗಿರಲಿ. ಒಂದೇ ಹೆಸರಿನ ಕಾರಿನಲ್ಲಿ ಇಸವಿ ಬದಲಾದಂತೆ ಎಂಜಿನ್ ಬದಲಾಗಿರುತ್ತದೆ, ಬರೀ ಮಾಡೆಲ್ ಹೇಳಿದರೆ ಬೇರೆಯದೇ ಸಿಗಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಗಾಡಿಗೆ ನಾಲ್ಕಾರು ಕಂಪನಿಯ ವಾಲ್ವ್ ಮುಂದಿಡುತ್ತಾರೆ. ವರ್ನಿಯರ್ ಹಿಡಿದು ಹೊರ ಅಂಚಿನ ಅಡ್ಡಳತೆ, ಒಟ್ಟು ಎತ್ತರ, ಕೆಳಗಿನ ಬೈಪಾಸ್ ತಟ್ಟೆಯ ಅಗಲ, ಈ ಮೂರನ್ನೂ ಹಳೆಯದರೊಂದಿಗೆ ಹೋಲಿಸಿ. ಜನ ಮರೆಯುವುದು ಎತ್ತರವನ್ನು. ಹೊರ ಅಂಚು ಸರಿಯಾಗಿ ಕೂತರೂ ಎತ್ತರ ಎರಡು ಮಿ.ಮೀ. ಕಡಿಮೆಯಾದರೆ ಕೆಳಗಿನ ತಟ್ಟೆ ಬೈಪಾಸನ್ನು ಮುಟ್ಟುವುದೇ ಇಲ್ಲ. ಅರ್ಧ ವಾಲ್ವ್ ಕಿತ್ತು ಹಾಕಿದಂತೆಯೇ ಆಯಿತು. ಹಳೆಯದರ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಹೊಸದರಲ್ಲೂ ಇರಲಿ, ಗಾಳಿ ಹೊರಹೋಗುವುದು ಅದರ ಮೂಲಕ. ಬೆಳಕಿಗೆ ಹಿಡಿದಾಗ ಮುಚ್ಚಿದ ತಟ್ಟೆಯ ಸುತ್ತ ಬೆಳಕು ನುಸುಳಬಾರದು. ಎಷ್ಟೋ ಹೊಸ ಗಾಡಿಗಳಲ್ಲಿ ವಾಲ್ವ್ ಹೌಸಿಂಗ್ ಸಮೇತವೇ ಬರುತ್ತದೆ, ಒಳಗಿನದನ್ನು ಮಾತ್ರ ಹೊಂದಿಸಿ ಕೂರಿಸುವ ಪ್ರಯತ್ನ ಮಾಡಬೇಡಿ. ಹೊಸ ವಾಲ್ವನ್ನೂ ಹಾಕುವ ಮೊದಲು ಬಿಸಿನೀರಿನಲ್ಲಿ ಪರೀಕ್ಷಿಸಿ. ಅಂಗಡಿಯಿಂದಲೇ ಕೆಟ್ಟು ಬರುವವೂ ಇವೆ.

ಕೂರಿಸಿ ಗಾಳಿ ತೆಗೆಯುವುದು

ಹಳೆಯ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಹೆರೆಯುವ ಪಟ್ಟಿಯಿಂದ ತೆಗೆಯಿರಿ, ಉಳಿಯಿಂದ ಕೆರೆದರೆ ಅಲ್ಯೂಮಿನಿಯಂ ಗೀರಿ ಸೋರುತ್ತದೆ. ಮೇಣದ ಗುಂಡಿ ಎಂಜಿನ್ ಕಡೆಗೆ, ಪಿನ್ ಮೇಲಕ್ಕೆ. ವಾಲ್ವ್ ತನ್ನ ಕುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಕೊಂಚ ಜಾರಿದ್ದು ಬೋಲ್ಟ್ ಬಿಗಿದರೆ ಹೌಸಿಂಗ್ ಬಿರಿಯುತ್ತದೆ. ಗ್ಯಾಸ್ಕೆಟ್ ಅಥವಾ ಓ ರಿಂಗ್ ಹೊಸದೇ ಇರಲಿ, ಅದರ ಮೇಲೆ ಸಿಲಿಕಾನ್ ಮೆತ್ತಬೇಡಿ, ಚೂರು ಕಿತ್ತು ಬಂದು ರೇಡಿಯೇಟರಿನಲ್ಲಿ ಸಿಕ್ಕುತ್ತದೆ. 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕೂಲಂಟ್ ಎಷ್ಟು, ನೀರು ಎಷ್ಟು ಎಂಬುದಕ್ಕೆ ಗಾಡಿಯ ಕೈಪಿಡಿ ನೋಡಿ, ನೀರು ಮಾತ್ರ ಡಿಸ್ಟಿಲ್ಡ್ ಇರಲಿ. ಸಾಧ್ಯವಾದರೆ ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತೆರೆದಿಡಿ. ಎಂಜಿನ್ ಐಡಲಿನಲ್ಲಿ ಓಡಲಿ. ಫ್ಯಾನ್ ಎರಡು ಸಲ ತಿರುಗಿ ನಿಂತು, ಎರಡೂ ಪೈಪ್ ಬಿಸಿಯಾಗಿ, ಹೀಟರಿನಿಂದ ಬಿಸಿಗಾಳಿ ಬರಬೇಕು. ಹೀಟರ್ ತಣ್ಣಗೆ ಊದುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ.

ನಂತರ 20 ನಿಮಿಷ ಒಂದೇ ವೇಗದಲ್ಲಿ ಓಡಿಸಿ ಸ್ಕ್ಯಾನರ್ ನೋಡಿ. ಅಂಕಿ ಅಚ್ಚೊತ್ತಿದ ಡಿಗ್ರಿಗಿಂತ ಕೆಳಗಿಳಿಯದೆ, ಅದಕ್ಕಿಂತ ಹತ್ತು ಡಿಗ್ರಿಯೊಳಗೆ ನೆಲೆ ನಿಲ್ಲಬೇಕು. ಮರುದಿನ ಬೆಳಗ್ಗೆ ತಣ್ಣಗಿರುವಾಗ ಬಾಟಲಿಯ ಮಟ್ಟ ನೋಡಿ. ಉಳಿದ ಗಾಳಿ ಹೊರಬಂದು ಮೊದಲ ಸಲ ಬೆರಳಿನಷ್ಟು ಇಳಿದಿರುವುದು ಸಹಜ, ತುಂಬಿಸಿ. ಮೂರನೆಯ ದಿನವೂ ಇಳಿಯುತ್ತಿದ್ದರೆ ಹೌಸಿಂಗಿನ ಅಂಚಿನಲ್ಲಿ ಬಿಳಿ ಅಥವಾ ಹಸಿರು ಕಲೆಯಿದೆಯೇ ಹುಡುಕಿ. ಅಲ್ಲಿ ಒಣಗಿದ್ದರೆ ಮುಚ್ಚಳ, ಆಮೇಲೆ ಪಂಪಿನ ಕೆಳಗಿನ ಸಣ್ಣ ತೂತು, ಕಡೆಗೆ ಕಾರಿನೊಳಗಿನ ಕಾಲಡಿಯ ಚಾಪೆ ನೋಡಿ. ಹೀಟರ್ ಕೋರ್ ಸೋರಿದರೆ ಮುಂದಿನ ಸೀಟಿನ ಕಾಲಬಳಿಯ ಚಾಪೆ ಅಂಟಂಟಾಗಿ ಒದ್ದೆಯಾಗಿರುತ್ತದೆ.